ನೆನೆಹಾಕಿದ ದ್ರಾಕ್ಷಿ

ಪಕ್ಕದ ಮನೆಯ ಶಿವಗಂಗಮ್ಮ ನೀರಿನ ಕೊಡಗಳನ್ನು ಒಂದೊಂದಾಗಿ ಎತ್ತಿ ತಂದು ಹಿತ್ತಲಿಗೆ ಬಗ್ಗಿಸುತ್ತಿದ್ದಳು. ಹೆಣವಿರುವ ಮನೆಯಲ್ಲಿ ಹಳೇ ನೀರು ಇರಬಾರದೆಂಬುದು ಅವರ ಕಡೆಯ ಪದ್ಧತಿ. ಕ್ರೈಸ್ತರ ಮನೆಯಲ್ಲಿ ಆ ಪದ್ಧತಿ ಉಂಟೋ ಇಲ್ಲವೋ ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕೆ ಇಳಿದುಬಿಟ್ಟಿದ್ದಳು. ಹಂಡೆ ಆಯಿತು, ಕೊಡ ಆಯಿತು, ಬಿಂದಿಗೆ ಆಯಿತು. ಕೊನೆಗೆ ಮೂಲೆಯಲ್ಲಿ ಬಿಳಿ ಬಟ್ಟೆ ಕಟ್ಟಿಟ್ಟಿದ್ದ ಹಿತ್ತಾಳೆಯ ತಪ್ಪಲೆಗೂ ಕೈ ಹಾಕಿದಳು.

"ಅದನ್ನ ಚೆಲ್ಲಬೇಡ ಶಿವಗಂಗಾ."

ನಡುಮನೆಯಲ್ಲಿ ಗಂಡನ ತಲೆಯ ಪಕ್ಕ ಕೂತಿದ್ದ ಸುವಾರ್ತಮ್ಮ ಬೆಳಗಿನಿಂದ ಆಡಿದ ಮೊದಲ ಮಾತು ಅದು. ಅವಳಿಗೆ ಅಳು ಬಂದಿರಲಿಲ್ಲ. ಬಂದವರೆಲ್ಲ "ಅತ್ತುಬಿಡಮ್ಮ, ಎದೆ ಹಗುರಾಗುತ್ತೆ" ಎಂದು ಹೇಳಿ ಹೇಳಿ ಸೋತಿದ್ದರು.

"ಏನೈತೆ ಇದ್ರಾಗೆ?" ಎಂದು ಶಿವಗಂಗಮ್ಮ ಬಟ್ಟೆ ಸರಿಸಿದಳು. ಕಪ್ಪು ಒಣದ್ರಾಕ್ಷಿ ರಾತ್ರಿಯೆಲ್ಲ ನೀರು ಕುಡಿದು ಉಬ್ಬಿಕೊಂಡಿತ್ತು.

"ನಾಳೆ ಕರ್ತನ ಭೋಜನಕ್ಕೆ. ನಿನ್ನೆ ಸಂಜೆ ಇವರೇ ತೊಟ್ಟು ಬಿಡಿಸಿ ಕೊಟ್ಟಿದ್ರು."

ತಿಂಗಳಿಗೊಂದು ಭಾನುವಾರ ಹೊನ್ನಾಳಿಯಿಂದ ಪಾದ್ರಿಗಳು ಬಂದು ನ್ಯಾಮತಿಯ ಪುಟ್ಟ ಸಭೆಗೆ ರೊಟ್ಟಿ, ದ್ರಾಕ್ಷಾರಸ ಹಂಚುತ್ತಿದ್ದರು. ರಸವೆಂದರೆ ಅಂಗಡಿಯ ಬಾಟಲಿಯದಲ್ಲ. ಶುಕ್ರವಾರ ಸಂಜೆ ನೆನೆಹಾಕಿ, ಶನಿವಾರ ಸಂಜೆ ಕಿವುಚಿ ಸೋಸಿ, ಸಕ್ಕರೆ ಬೆರೆಸಿ ಕುದಿಸಿ ಆರಿಸಿದ್ದು. ಮದುವೆಯಾಗಿ ಬಂದಾಗಿನಿಂದ ಅದನ್ನು ಕಾಸುತ್ತಿದ್ದವಳು ಸುವಾರ್ತಮ್ಮ. ಬೇರೆ ಯಾರ ಒಲೆಯ ಮೇಲೂ ಅದು ಕುದಿದದ್ದಿಲ್ಲ.

ಇವತ್ತು ಶನಿವಾರ. ಪಾದ್ರಿಗಳಿಲ್ಲದ ವಾರಗಳಲ್ಲಿ ಸಭೆ ನಡೆಸುತ್ತಿದ್ದ ಉಪದೇಶಿ, ಅವಳ ಗಂಡ ಧರ್ಮಪ್ಪ ನಸುಕಿನಲ್ಲಿ ಎದೆನೋವೆಂದು ಎದ್ದು ಕೂತು, ನೀರು ಕೇಳಿ, ಅರ್ಧ ಲೋಟ ಕುಡಿದು, ಉಳಿದರ್ಧ ಹಾಗೇ ಬಿಟ್ಟು ಹೋಗಿಬಿಟ್ಟಿದ್ದ. ಆ ಅಲ್ಯೂಮಿನಿಯಂ ಲೋಟ ಇನ್ನೂ ಮಂಚದ ಕಾಲಿನ ಹತ್ತಿರವೇ ಇತ್ತು. ಸಾವಾದ ಮನೆಯಲ್ಲಿ ಆ ದಿನ ಒಲೆ ಹಚ್ಚುವಂತಿಲ್ಲ. ಮತ ಬದಲಾಯಿಸಿ ಎರಡು ತಲೆಮಾರಾದರೂ ಇದೊಂದನ್ನು ಆ ಮನೆಯವರು ಬಿಟ್ಟಿರಲಿಲ್ಲ.

"ಹಂಗಾರೆ ಇದನ್ನ ಕಾಯ್ಸೋರು ಯಾರು?" ಎಂದಳು ಶಿವಗಂಗಮ್ಮ.

ಹಿತ್ತಲ ಬಾಗಿಲಿನಿಂದ ಉತ್ತರ ಬಂತು. "ಅಮ್ಮಾರೆ, ನಾನು ಕಾಯ್ಸಿ ಕೊಡ್ಲಾ?"

ಅಂಜಿನಮ್ಮ. ಕೆಳಗೇರಿಯ ಮೂಕಪ್ಪನ ಹೆಂಡತಿ. ಗಂಡ ಚಪ್ಪಲಿ ಹೊಲೆಯುವವನು. ಈಗ ಅವನೂ ಅವನ ತಮ್ಮ ಮಾರಪ್ಪನೂ ಸಮಾಧಿ ತೋಟದಲ್ಲಿ ಗುಂಡಿ ತೋಡುತ್ತಿದ್ದರು. ಗಂಡಹೆಂಡಿರು ದೀಕ್ಷಾಸ್ನಾನ ತೆಗೆದುಕೊಂಡು ಹತ್ತು ಹನ್ನೆರಡು ವರ್ಷವಾಗಿತ್ತು, ಆದರೂ ಈ ಮನೆಗೆ ಬಂದರೆ ಅಂಜಿನಮ್ಮ ನಿಲ್ಲುತ್ತಿದ್ದದ್ದು ಹಿತ್ತಲ ಬಾಗಿಲಲ್ಲೇ. ಒಳಗೆ ಬಾ ಎಂದು ಧರ್ಮಪ್ಪ ಕರೆದರೂ "ಇರ್ಲಿ ಬಿಡ್ರಿ ಅಯ್ಯಾ, ಇಲ್ಲೇ ತಂಪೈತೆ" ಎನ್ನುತ್ತಿದ್ದಳು. ಯಾರು ಕರೆದರು, ಯಾರು ಕರೆಯಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ನೋಡೋಣ ಅಂಜಿನಿ" ಎಂದಳು ಸುವಾರ್ತಮ್ಮ.

ನಮ್ಮ ಕಡೆ ನೋಡೋಣ ಎಂದರೆ ಏನರ್ಥ ಎಂದು ಕೂಸಿಗೂ ಗೊತ್ತು. ಅಂಜಿನಮ್ಮ ತಲೆಯಾಡಿಸಿ, ಅಂಗಳದ ಕಸ ಗುಡಿಸಲು ಹೋದಳು.

*

ಸುವಾರ್ತಮ್ಮನ ತಂದೆ ಚನ್ನಗಿರಿಯ ಅಡಿಕೆ ವ್ಯಾಪಾರಸ್ಥರ ಮನೆತನದವರು. ಮತ ಬಿಟ್ಟದ್ದಕ್ಕೆ ಬಳಗದವರು ಹೊರಗಿಟ್ಟಾಗ ನ್ಯಾಮತಿಗೆ ಬಂದು ನೆಲೆಸಿದರು. ಮಗಳನ್ನು ಬೋರ್ಡಿಂಗ್ ಶಾಲೆಗೆ ಹಾಕಿ ಓದಿಸಿದರು. ವೇದವಾಕ್ಯ ಬಾಯಿಪಾಠ ಒಪ್ಪಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಅಧ್ಯಾಯ ಹೇಳಿದರೆ ಸಾಕು, ಹೊಳೆ ಹರಿದ ಹಾಗೆ ಹೇಳುತ್ತಿದ್ದಳು. ಅವಳು ಬಹುಮಾನವಾಗಿ ಗೆದ್ದ ಗಾಜಿನ ಚೌಕಟ್ಟಿನ ಚಿತ್ರಗಳು ಈಗಲೂ ನಡುಮನೆಯ ಗೋಡೆಯ ಮೇಲಿವೆ.

ಮದುವೆಯಾದ ಮೇಲೆ ಕೇರಿಯ ಮಕ್ಕಳಿಗೆ ಭಾನುವಾರದ ಪಾಠ ಹೇಳುವ ಕೆಲಸ ಅವಳದಾಯಿತು. ಜಗಲಿಯ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಕೇಳುತ್ತಿದ್ದಳು.

"ಕರ್ತನ ಮೇಜಿನ ಮೇಲೆ ಎಷ್ಟು ಬಟ್ಟಲು?"

"ಒಂದೇ ಬಟ್ಟಲು."

"ಅದರಲ್ಲಿ ಯಾರು ಕುಡೀಬಹುದು?"

"ನಂಬಿದೋರೆಲ್ಲ ಕುಡೀಬಹುದು."

ಪಾಠ ಮುಗಿದ ಮೇಲೆ ಬಿಸಿಲಿಗೆ ಬಾಯಾರಿದ ಮಕ್ಕಳು ನೀರು ಕೇಳುತ್ತಿದ್ದವು. ಜಗಲಿಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಬೋರಲಾಗಿ ಇರುತ್ತಿತ್ತು. ಅದು ಕೇರಿಯವರ ಲೋಟ. ಅದಕ್ಕೆ ಮೇಲಿನಿಂದ ನೀರು ಹೊಯ್ದು ಕೊಡುತ್ತಿದ್ದಳು. ಕುಡಿದು, ತೊಳೆದು, ಮತ್ತೆ ಬೋರಲು ಹಾಕುವುದು ಅವರ ಕೆಲಸ. ಆಚಾರ ಹೇಳೋದು ಬದನೆಕಾಯಿ ತಿನ್ನೋದು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಸುವಾರ್ತಮ್ಮ ಕೆಟ್ಟವಳೂ ಅಲ್ಲ, ಕಪಟಿಯೂ ಅಲ್ಲ. ಬಟ್ಟಲಿನ ಪಾಠಕ್ಕೂ ಗೂಡಿನ ಲೋಟಕ್ಕೂ ಸಂಬಂಧವಿದೆಯೆಂದು ಅವಳಿಗೆ ಕಂಡೇ ಇರಲಿಲ್ಲ. ಧರ್ಮಪ್ಪನಿಗೂ ಆಗ ಕಂಡಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಚನ್ನಗಿರಿಯಿಂದ ಮಗಳು ಶಾಂತ ಬಂದಳು. ಬಂದವಳೇ ಅಪ್ಪನ ಕಾಲ ಮೇಲೆ ಬಿದ್ದು ಅತ್ತಳು. ಬಡಗಿ ಲಾಲ್‌ಸಾಬ್ ಪೆಟ್ಟಿಗೆ ತಂದು ಅಂಗಳದಲ್ಲಿ ಇಳಿಸಿದ. ಒಳಗಿನ ಮೂಲೆಗಳನ್ನೂ ಉಜ್ಜು ಕಾಗದ ಹಾಕಿ ನಯ ಮಾಡಿದ್ದ.

"ಒಳಗೆ ಯಾಕಪ್ಪ ಇಷ್ಟು ನಯ ಮಾಡಿದೀಯ, ಯಾರು ನೋಡ್ತಾರೆ?" ಎಂದಳು ಶಿವಗಂಗಮ್ಮ.

"ಅವರು ನಂ ಮಗನ ನೌಕ್ರಿ ಅರ್ಜಿ ಬರೆದುಕೊಡುವಾಗ ಯಾರಾದ್ರೂ ನೋಡ್ತಿದ್ರಾ ಅಮ್ಮ?" ಎಂದ ಲಾಲ್‌ಸಾಬ್.

ಆಮೇಲೆ ದೇವಸಹಾಯಪ್ಪ ಬಂದ. ಸುವಾರ್ತಮ್ಮನ ಒಡಹುಟ್ಟಿದ ಅಣ್ಣ. ಪೇಟೆಬೀದಿಯಲ್ಲಿ ಅವನ ಅಡಿಕೆ ಮಂಡಿ. ಅದರ ಹಿಂದೆಯೇ ಮನೆ. ನಾಲ್ಕು ಬೀದಿ ದಾಟಿದರೆ ತವರು. ಆ ನಾಲ್ಕು ಬೀದಿಯನ್ನು ಸುವಾರ್ತಮ್ಮ ಆರು ವರ್ಷದಿಂದ ದಾಟಿರಲಿಲ್ಲ. ತಾಯಿ ಸತ್ತಾಗ ಮಾತ್ರ ಹೋಗಿ, ಪರರ ಹಾಗೆ ಬಾಗಿಲಲ್ಲಿ ನಿಂತು, ಮಣ್ಣು ಹಾಕಿ ಬಂದಿದ್ದಳು.

ಅಣ್ಣನ ಚಪ್ಪಲಿ ಸದ್ದು ಕೇಳಿದಾಗಲೇ ಅವಳು ಸರಿದು ಜಾಗ ಬಿಟ್ಟಳು. ಅವನು ಬಂದು ಪಕ್ಕದಲ್ಲಿ ಕೂತು, ಅವಳ ತಲೆಯ ಮೇಲೆ ಕೈ ಇಟ್ಟ. ಅವನ ಹಿಂದೆ ಅತ್ತಿಗೆ, ಊಟದ ಕ್ಯಾರಿಯರ್ ಹಿಡಿದುಕೊಂಡು ನಿಂತಿದ್ದಳು.

"ಆದದ್ದಾಯ್ತು ಸುವಾರ್ತ. ಮಣ್ಣಿಗೆ ಹೋಗೋನ ಮೇಲೆ ಎಂಥ ಸಿಟ್ಟು. ಭಾವ ಒಳ್ಳೇ ಮನುಷ್ಯನೇ, ಕೊನೇಗೆ ಯಾಕೋ ಹಂಗೆ ಹಟಕ್ಕೆ ಬಿದ್ದ."

ಅವಳು ಗಂಡನಿಗೆ ಹೊದಿಸಿದ್ದ ಬಟ್ಟೆಯ ಅಂಚನ್ನು ಸರಿಮಾಡಿದಳು.

"ನಾಳೆ ನಾವು ಹೊನ್ನಾಳಿ ಬಸ್ಸು ಹತ್ತಲ್ಲ. ಮೂರು ಮನೆಯೋರೂ ಇಲ್ಲಿಗೇ ಬರ್ತೀವಿ. ಪಾದ್ರಿಗಳಿಗೂ ಹೇಳಿದೀನಿ, ಖುಷಿಪಟ್ರು." ಅವನ ಕಣ್ಣು ಮೂಲೆಯ ತಪ್ಪಲೆಯ ಮೇಲೆ ಹೋಯಿತು. "ಅದು ನಾಳೇದಲ್ವ? ಮಣ್ಣಾಗಿ ಬಂದ ಮೇಲೆ ನಿಮ್ಮತ್ತಿಗೆ ತಗೊಂಡು ಹೋಗ್ತಾಳೆ, ನಮ್ಮನೇಲಿ ಕಾಯ್ಸೋಣ. ಹಿಂದೆ ಹೆಂಗಿತ್ತೋ ಹಂಗೇ ನಡೀಲಿ."

"ಹಂಗೇ ಅಂದ್ರೆ ಮಾವ?" ಎಂದಳು ಶಾಂತ.

"ಹಂಗೇ ಅಂದ್ರೆ ಹಂಗೇ ಕಣಮ್ಮ. ಹಿರಿಯರು ಮಾಡಿಟ್ಟಂಗೆ." ಮತ್ತೆ ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದ. "ನೀನು ಇಲ್ಲಿ ಒಬ್ಬಳೇ ಇರೋದು ಬೇಡ. ಅವ್ವನ ಕೋಣೆ ಹಂಗೇ ಐತೆ. ಅವಳ ಪೆಟ್ಟಿಗೆ, ಚಾಪೆ, ಏನೂ ತೆಗೆದಿಲ್ಲ."

ಅವ್ವನ ಕೋಣೆ ಎಂದ ಕೂಡಲೇ ಸುವಾರ್ತಮ್ಮ ಕತ್ತೆತ್ತಿ ಅಣ್ಣನನ್ನು ನೋಡಿದಳು. ಆ ಕೋಣೆಯ ಕಿಟಕಿ, ಕಿಟಕಿಯಾಚೆಯ ನುಗ್ಗೆ ಮರ, ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದ ಅವ್ವ. ಐವತ್ತೆಂಟು ವರ್ಷದ ಹೆಂಗಸಿಗೆ ತವರು ಬೇಡವೆನ್ನುವವರು ಯಾರು? ಅವಳು ತಲೆಯಾಡಿಸಿದಳು. ಹೂಂ ಎಂದಳೋ, ಸುಮ್ಮನೆ ಆಡಿಸಿದಳೋ, ಅಣ್ಣನಿಗೆ ಅಷ್ಟೇ ಸಾಕಾಯಿತು. ಹೊರಗೆ ಹೋಗಿ ಹೆಗಲು ಕೊಡುವವರನ್ನು ಗೊತ್ತುಮಾಡತೊಡಗಿದ. "ನಮ್ಮೋರು ಹೊರ್ತೀವಿ. ಕೇರಿಯೋರು ಹಿಂದೆ ಬರ್ಲಿ" ಎಂಬ ಮಾತು ಒಳಗೂ ಕೇಳಿಸಿತು.

ಗುಂಡಿ ತೋಡಿ ಬಂದ ಮೂಕಪ್ಪ ಮೈಕೈಯೆಲ್ಲ ಕೆಂಪು ಮಣ್ಣಾಗಿ ಅಂಗಳದ ತುದಿಯಲ್ಲಿ ನಿಂತಿದ್ದ. ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

*

ಆರು ವರ್ಷದ ಹಿಂದೆ, ಎಪ್ಪತ್ತೇಳರ ಬೇಸಿಗೆಯಲ್ಲಿ, ಧರ್ಮಪ್ಪ ಜಗಳೂರಿನ ಕಡೆಯ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೋಗಿದ್ದ. ಚೀಲ ಹೊರಲು, ಹಾಡಿಗೆ ದಮ್ಮಡಿ ಬಡಿಯಲು ಜೊತೆಗೆ ಮೂಕಪ್ಪ. ನೆರಳಿಲ್ಲದ ಸೀಮೆ, ಸುಡುವ ಬಿಸಿಲು. ಎಲ್ಲಿ ಯಾವ ನೀರು ಕುಡಿದನೋ, ಧರ್ಮಪ್ಪನಿಗೆ ವಾಂತಿಭೇದಿ ಹಿಡಿಯಿತು. ದಾರಿಯಲ್ಲೇ ಕುಸಿದ. ಮೂಕಪ್ಪ ಅವನನ್ನು ಬೆನ್ನ ಮೇಲೆ ಹೊತ್ತು, ತನ್ನ ದೂರದ ನೆಂಟರ ಗುಡಿಸಲಿಗೆ ತಂದು ಹಾಕಿದ.

ಊರಿಗೆ ವಾಪಸು ಬಂದಾಗ ಧರ್ಮಪ್ಪ ಅರ್ಧವಾಗಿದ್ದ. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತು, ಹೆಂಡತಿಗೆ ಒಂದನ್ನೂ ಮುಚ್ಚಿಡದೆ ಹೇಳಿದ.

"ನನ್ನ ಹೇಸಿಗೆಯೆಲ್ಲ ಅವನೇ ಬಾಚಿದ ಸುವಾರ್ತ. ಕೂಸಿಗೆ ತೊಳೆದಂಗೆ ತೊಳೆದ. ಅದೇ ಕೈಲಿ ಗಂಜಿ ಕುಡಿಸಿದ. ಬಿಸಿ ಐತಾ ಅಂತ ಮೊದ್ಲು ತಾನು ಒಂದು ಗುಟುಕು ಕುಡಿದು, ಆಮೇಲೆ ನನ್ನ ಬಾಯಿಗೆ ಇಡೋನು. ನಂಗೆ ಅಸಹ್ಯ ಆಗ್ಲಿಲ್ಲ ನೋಡು."

"ಉಪಕಾರ ಮರೀಬಾರದು" ಎಂದಿದ್ದಳು ಸುವಾರ್ತಮ್ಮ. "ಅವನಿಗೊಂದು ಒಳ್ಳೇ ಪಂಚೆ ಕೊಟ್ಟುಬಿಡಿ." ಹಾಗೆಂದು, ಪರರ ಸೇವೆಯ ವಿಷಯ ಯಾವ ಅಧ್ಯಾಯದಲ್ಲಿ ಬರುತ್ತದೆಂಬುದನ್ನೂ ಹೇಳಿದಳು.

ಧರ್ಮಪ್ಪ ಅವಳ ಮುಖವನ್ನೇ ನೋಡಿದ. "ಅಧ್ಯಾಯ ನಂಗೂ ಗೊತ್ತು ಕಣೆ. ಇಷ್ಟು ವರ್ಷ ಪುಸ್ತಕದ ಬದನೆಕಾಯೀಲೇ ಸಾರು ಮಾಡಿ ಬಡಿಸಿದೀನಿ ನಾನು" ಎಂದ. ಅವಳಿಗೆ ಜ್ವರದ ಮಾತು ಅನ್ನಿಸಿತು. ಸ್ನಾನಕ್ಕೆ ಬಿಸಿನೀರು ಕಾಯಿಸಲು ಎದ್ದು ಹೋದಳು.

ಅದರ ಮುಂದಿನ ಭೋಜನದ ಭಾನುವಾರ.

ಸಭೆಯಲ್ಲಿ ಬಟ್ಟಲು ಒಂದೇ ಇದ್ದದ್ದು ನಿಜ. ಬೆಂಚಿನ ಮೇಲೆ ಕೂತವರು ಮೊದಲು ಕುಡಿಯುತ್ತಿದ್ದರು, ಚಾಪೆಯ ಮೇಲೆ ಕೂತವರು ಆಮೇಲೆ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಕೊನೆಗೆ ತಳದಲ್ಲಿ ಉಳಿದದ್ದನ್ನು ಉಪದೇಶಿ ಕುಡಿದು ಬಟ್ಟಲು ಒರೆಸಿಡಬೇಕು. ಧರ್ಮಪ್ಪ ಮಾತ್ರ ಅದನ್ನು ಭಕ್ತಿಯಿಂದ ಎರಡೂ ಕೈಯಲ್ಲಿ ಹಿಡಿದು, ಹಿಂಬಾಗಿಲಿನಿಂದ ಹೊರಗೆ ಹೋಗಿ, ದುಂಡುಮಲ್ಲಿಗೆ ಗಿಡದ ಬುಡಕ್ಕೆ ಹೊಯ್ದು ಬರುತ್ತಿದ್ದ. ಚಾಪೆಯವರ ತುಟಿ ತಾಕಿದ್ದು ಬೆಂಚಿನವನ ಹೊಟ್ಟೆಗೆ ಹೋಗದ ಹಾಗೆ ಅದೊಂದು ಉಪಾಯ. ನ್ಯಾಮತಿಯಲ್ಲಿ ಮೇಲುಕೀಳು ನೋಡದೆ ಆ ಬಟ್ಟಲಿನಿಂದ ಕುಡಿದದ್ದು ಅಂದರೆ ಆ ಮಲ್ಲಿಗೆ ಗಿಡವೊಂದೇ.

ಆ ಭಾನುವಾರ ಮೂಕಪ್ಪ ಕೊನೆಯವನಾಗಿ ಕುಡಿದ. ಧರ್ಮಪ್ಪ ಬಟ್ಟಲು ತೆಗೆದುಕೊಂಡ. ಎಲ್ಲರ ಕಣ್ಣೂ ಹಿಂಬಾಗಿಲ ಕಡೆ ಹೋಯಿತು. ಅವನು ಅತ್ತ ಹೋಗಲಿಲ್ಲ. ಸಭೆಗೆ ಮುಖ ಮಾಡಿ ನಿಂತು, ಮೂಕಪ್ಪನ ತುಟಿ ತಾಕಿದ ಕಡೆಯೇ ತುಟಿ ಇಟ್ಟು, ತಳದವರೆಗೆ ಕುಡಿದ. ಹೆಂಗಸರ ಕಡೆ ಕೂತಿದ್ದ ಸುವಾರ್ತಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಣ್ಣ ಬೆಂಚಿನಿಂದ ಎದ್ದು ಹೊರಗೆ ನಡೆದ.

"ಅವರ ಎಂಜಲು ಕುಡಿದೋನ ಜೊತೆ ನಾವು ಒಂದೇ ಸಾಲಲ್ಲಿ ಕೂರೋದು ಹೆಂಗೆ? ಇಲ್ಲಾ ಅವರಿಗೆ ಬೇರೆ ಬಟ್ಟಲು ಇಡು, ಇಲ್ಲಾ ನಮ್ಮನ್ನ ಬಿಡು" ಎಂದು ಸಂಜೆ ಬಂದು ಹೇಳಿದ. ಧರ್ಮಪ್ಪ ಬೇರೆ ಬಟ್ಟಲು ಇಡಲಿಲ್ಲ. ಬೆಂಚು ಚಾಪೆ ಎರಡನ್ನೂ ಬಿಟ್ಟು, ಬಂದವರು ಬಂದ ಸಾಲಿನಲ್ಲೇ ಕುಡಿಯಲಿ ಎಂದ. ಅವತ್ತಿನಿಂದ ಬೆಂಚಿನ ಮೂರು ಮನೆಯವರು ಭಾನುವಾರ ಹೊನ್ನಾಳಿಯ ಬಸ್ಸು ಹತ್ತಿದರು.

ಸುವಾರ್ತಮ್ಮ ಗಂಡನ ಜೊತೆಯೇ ಉಳಿದಳು. ರಸ ಕಾಸಿದಳು. ಆದರೆ ಭೋಜನದ ದಿನ ಎಲ್ಲರಿಗಿಂತ ಮೊದಲು ಹೋಗಿ ಸಾಲಿನ ತಲೆಯಲ್ಲಿ ನಿಲ್ಲುತ್ತಿದ್ದಳು. "ಕಾಸಿದೋಳು ನಾನಲ್ವ, ಹುಳಿ ಐತೋ ಸಿಹಿ ಐತೋ ಮೊದ್ಲು ನಾನೇ ನೋಡ್ತೀನಿ" ಎನ್ನುತ್ತಿದ್ದಳು. ಧರ್ಮಪ್ಪ ನಗುತ್ತಿದ್ದ. ಅವನು ಅವಳನ್ನು ಒಂದು ದಿನವೂ ಬಲವಂತ ಮಾಡಲಿಲ್ಲ. ಜಗಲಿಯ ಗೂಡಿನ ಅಲ್ಯೂಮಿನಿಯಂ ಲೋಟವನ್ನು ಮಾತ್ರ ಒಳಗೆ ತಂದು, ತನ್ನ ಕಾಫಿಗೂ ನೀರಿಗೂ ಅದನ್ನೇ ಇಟ್ಟುಕೊಂಡ. "ಸ್ಟೀಲ್ ಲೋಟ ಮನೆ ತುಂಬಾ ಐತೆ, ಇದೇನು ನಿಮಗೆ" ಎಂದು ಅವಳು ರೇಗಿದರೆ, "ಇದ್ರಾಗೆ ನೀರು ತಂಪಾಗಿರ್ತೈತೆ ಕಣೆ" ಎನ್ನುತ್ತಿದ್ದ. ಅವಳು ಆ ಲೋಟವನ್ನು ಬೇರೆ ಪಾತ್ರೆಗಳ ಜೊತೆ ಸೇರಿಸದೆ ಕೊನೆಗೆ ತೊಳೆಯುತ್ತಿದ್ದಳು.

*

ಪೆಟ್ಟಿಗೆಯನ್ನು ಅಣ್ಣನ ಕಡೆಯವರು ಹೊತ್ತರು. ಕೇರಿಯವರು ಹಿಂದೆ ಹಾಡುತ್ತಾ ಬಂದರು. ಸಮಾಧಿ ತೋಟ ಹೊನ್ನಾಳಿ ರಸ್ತೆಯ ದಿಬ್ಬದ ಮೇಲಿತ್ತು. ಏರಿನಲ್ಲಿ ಮಂಡಿಯ ಜನಕ್ಕೆ ಏದುಸಿರು ಬಂದು, ನಡುವೆ ಎರಡು ಸಲ ಪೆಟ್ಟಿಗೆ ಇಳಿಸಿ ಹೆಗಲು ಬದಲಿಸಿದರು. ಅಂಗಡಿಯವರು ಎದ್ದು ನಿಂತು ಕೈ ಮುಗಿದರು. ಪಾದ್ರಿಗಳು ಗುಂಡಿಯ ತಲೆಯ ಕಡೆ ನಿಂತು ಪ್ರಾರ್ಥನೆ ಮಾಡಿದರು. ಸುವಾರ್ತಮ್ಮನ ತುಟಿಯೂ ಆಡುತ್ತಿತ್ತು. ಅವರು ಓದುವ ಪ್ರತಿ ಮಾತೂ ಅವಳಿಗೆ ಮೊದಲೇ ಗೊತ್ತಿತ್ತು. ಮುಂದೆ ಯಾವ ಪದ ಬರುತ್ತದೆಂದು ಮನಸ್ಸು ತಾನಾಗಿ ಓಡುತ್ತಿತ್ತು. ಒಂದೂ ಒಳಗೆ ಇಳಿಯಲಿಲ್ಲ. ಬೋರ್ಡಿಂಗ್ ಶಾಲೆಯಲ್ಲಿ ಯಾರೋ ಹುಡುಗಿ ಒಪ್ಪಿಸುತ್ತಿರುವ ಹಾಗೆ ಕೇಳುತ್ತಾ ನಿಂತಿದ್ದಳು.

ಹಗ್ಗ ಕಟ್ಟಿ ಪೆಟ್ಟಿಗೆ ಇಳಿಸುವಾಗ ಅಭ್ಯಾಸವಿಲ್ಲದ ಕೈಗಳು. ಕಾಲಿನ ಕಡೆಯ ಹಗ್ಗ ಜಾರಿ ಪೆಟ್ಟಿಗೆ ವಾಲಿತು. ಶಾಂತ "ಅಪ್ಪಾ" ಎಂದು ಕೂಗಿಕೊಂಡಳು.

"ಬಿಡ್ರಿ, ಹಗ್ಗ ಬಿಡ್ರಿ. ನಾ ಹಿಡ್ಕಂಡೀನಿ."

ಮೂಕಪ್ಪ ಗುಂಡಿಯೊಳಗೆ ಧುಮುಕಿದ್ದ. ವಾಲಿದ ಪೆಟ್ಟಿಗೆಯನ್ನು ಎರಡೂ ತೋಳಲ್ಲಿ ತಬ್ಬಿ, ಎದೆಗೆ ಆನಿಸಿಕೊಂಡು ನಿಂತ. ಇನ್ನೊಂದು ತುದಿಗೆ ಮಾರಪ್ಪ ಇಳಿದ. ಮೇಲಿದ್ದ ಅಣ್ಣನ ಕಡೆಯವರು ಹಗ್ಗ ಬಿಟ್ಟು ಹಿಂದೆ ಸರಿದರು.

"ನಿಧಾನ ಅಯ್ಯಾ, ನಿಧಾನ. ಆತು, ಇನ್ನೇನು ಮಲಿಕ್ಕಂಬುಡಿ" ಎಂದು ಮೂಕಪ್ಪ ಸಣ್ಣ ದನಿಯಲ್ಲಿ ಹೇಳುತ್ತಿದ್ದ. ಮೇಲೆ ನಿಂತ ಯಾರಿಗೂ ಹೇಳಿದ್ದಲ್ಲ ಅದು. ಪೆಟ್ಟಿಗೆಯನ್ನು ನೆಲಕ್ಕೆ ಮುಟ್ಟಿಸಿ, ಅಲುಗಾಡದಂತೆ ಸರಿಮಾಡಿ, ಮುಚ್ಚಳದ ಮೇಲೆ ಬಿದ್ದ ಮಣ್ಣನ್ನು ತನ್ನ ಟವೆಲಿನಿಂದ ಒರೆಸಿದ. ಇನ್ನೊಂದು ಗಳಿಗೆಗೆ ಅದರ ಮೇಲೆ ಮಣ್ಣೇ ಬೀಳುವುದೆಂದು ಗೊತ್ತಿದ್ದೂ ಮೂಲೆಯವರೆಗೆ ಒರೆಸಿದ.

ಸುವಾರ್ತಮ್ಮನಿಗೆ ಜಗಳೂರಿನ ಗುಡಿಸಲು ಕಣ್ಣಿಗೆ ಕಟ್ಟಿತು. ಅವಳು ನೋಡೇ ಇಲ್ಲದ ಗುಡಿಸಲು. ಆರು ವರ್ಷದ ಹಿಂದೆ ಗಂಡ ಜಗಲಿಯ ಮೇಲೆ ಕೂತು ಹೇಳಿದಾಗ ಕಿವಿಯಲ್ಲಿ ಕೇಳಿ, ಅಧ್ಯಾಯ ಹೇಳಿ, ಪಂಚೆ ಕೊಡಿಸಿ ಮುಗಿಸಿದ್ದ ಸಂಗತಿ. ಇವನು ಹೀಗೇ ತಬ್ಬಿಕೊಂಡಿದ್ದ. ಹೀಗೇ ಒರೆಸಿದ್ದ. ನಿಧಾನ ಅಯ್ಯಾ ಎಂದು ಹೀಗೇ ಹೇಳಿ ಗಂಜಿ ಕುಡಿಸಿದ್ದ. ಅವನು ಹಾಗೆ ಮಾಡದಿದ್ದರೆ ಧರ್ಮಪ್ಪ ಅವತ್ತೇ ಹೋಗಿಬಿಡುತ್ತಿದ್ದ. ಈ ಆರು ವರ್ಷ, ಆ ಕಾಫಿ, ಆ ನಗೆ, ನಿನ್ನೆ ಸಂಜೆ ಎದುರು ಕೂತು ದ್ರಾಕ್ಷಿಯ ತೊಟ್ಟು ಬಿಡಿಸಿದ್ದು ಒಂದೂ ಇರುತ್ತಿರಲಿಲ್ಲ. ಆ ಕೈಗೆ ಅವಳು ಮೇಲಿನಿಂದ ನೀರು ಹೊಯ್ಯುತ್ತಾ ಬಂದಿದ್ದಳು.

ಅವಳಿಗೆ ಆಗ ಅಳು ಬಂತು. ಬೆಳಗಿನಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಡೆದು ಬಂತು. ಕೂತು, ಮಣ್ಣಿನ ಗುಡ್ಡೆಗೆ ಮುಖ ಕೊಟ್ಟು ಅತ್ತಳು. ಅತ್ತಿಗೆ ಎಬ್ಬಿಸಲು ಬಂದಳು, ಆಗಲಿಲ್ಲ. ಕೊನೆಗೆ ಎಬ್ಬಿಸಿದ್ದು ಅಂಜಿನಮ್ಮ. ಅವಳ ಹೆಗಲಿಗೆ ತಲೆಯಿಟ್ಟು ಸುವಾರ್ತಮ್ಮ ಅತ್ತದ್ದನ್ನು ಊರೇ ನೋಡಿತು. ಆಕೆ ತನ್ನನ್ನು ಮುಟ್ಟಿದ್ದು ಅದೇ ಮೊದಲು ಎಂಬುದು ಅಂಜಿನಮ್ಮನೊಬ್ಬಳಿಗೇ ಗೊತ್ತಿತ್ತು.

*

ಮನೆಗೆ ಬಂದು ಕಾಲು ತೊಳೆಯುವಾಗ ಬಿಸಿಲು ಇಳಿದಿತ್ತು. ಅತ್ತಿಗೆ ಕ್ಯಾರಿಯರ್ ಬಿಚ್ಚಿ ಅನ್ನ ಕಲಸಿದಳು.

"ಒಂದು ತುತ್ತು ತಿನ್ನು. ಬೆಳಗಿಂದ ಹನಿ ನೀರೂ ಕುಡಿದಿಲ್ಲ ನೀನು."

"ಈಗ ಬೇಡ ಅತ್ತಿಗೆ."

"ಆಯ್ತು, ಮನೆಗೆ ಹೋಗಿ ತಿನ್ನುವಂತೆ. ಹೊತ್ತಾಯ್ತು, ಇದನ್ನ ಒಲೆಗೆ ಇಡಬೇಕಲ್ಲ" ಎಂದು ಅತ್ತಿಗೆ ಮೂಲೆಯ ತಪ್ಪಲೆಯನ್ನು ಎತ್ತಿಕೊಂಡಳು.

ಸುವಾರ್ತಮ್ಮ ಎದ್ದು ಬಂದು ಅವಳ ಕೈಯಿಂದ ತಪ್ಪಲೆಯನ್ನು ಮೆಲ್ಲಗೆ ತೆಗೆದುಕೊಂಡಳು.

"ಇದು ಅಂಜಿನಿ ಮನೇಲಿ ಕಾಯ್ಲಿ ಅತ್ತಿಗೆ."

ಜಗಲಿಯ ಮೇಲೆ ಪಾದ್ರಿಗಳ ಜೊತೆ ಕೂತಿದ್ದ ದೇವಸಹಾಯಪ್ಪ ಒಳಗೆ ಬಂದ. "ದುಃಖದಾಗೆ ಏನೇನೋ ಮಾತಾಡಬೇಡ ಸುವಾರ್ತ. ಆ ಒಲೆ ಮೇಲೆ ಕಾಯ್ಸಿದ್ದನ್ನ ನಾಳೆ ಯಾರು ಕುಡೀತಾರೆ?"

"ನಾನು ಕುಡೀತೀನಿ."

"ನಾವು?"

"ನೀವೂ ಬನ್ನಿ ಅಣ್ಣ. ನೀವು ಬರಬೇಕು ಅಂತ ಆರು ವರ್ಷದಿಂದ ಕಾಯ್ತಾ ಇದೀನಿ."

ಅಣ್ಣ ಪಾದ್ರಿಗಳ ಕಡೆ ನೋಡಿದ. ಪಾದ್ರಿಗಳು ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಸಿಟ್ಟಿಗಿಂತ ಹೆಚ್ಚಾಗಿ ಸೋತ ಮುಖ ಅವನದು.

"ಅವ್ವನ ಕೋಣೆ..." ಎಂದ. ಹೆಂಡತಿಗೆ ಕಣ್ಣಲ್ಲೇ ಹೇಳಿ ಹೊರಟ. ಅತ್ತಿಗೆ ಕ್ಯಾರಿಯರನ್ನು ಅಲ್ಲೇ ಬಿಟ್ಟು, ಕಣ್ಣೊರೆಸಿಕೊಳ್ಳುತ್ತಾ ಅವನ ಹಿಂದೆ ಹೋದಳು. ಅವರು ಬೀದಿಯ ತಿರುವು ದಾಟುವವರೆಗೂ ಸುವಾರ್ತಮ್ಮ ನೋಡುತ್ತಾ ನಿಂತಿದ್ದಳು. ಕೂಗಿ ಕರೆದರೆ ಕೇಳಿಸುವಷ್ಟು ದೂರವಿತ್ತು. ಅವಳು ಕೂಗಲಿಲ್ಲ.

ಮಂಚದ ಕಾಲಿನ ಹತ್ತಿರ ಅಲ್ಯೂಮಿನಿಯಂ ಲೋಟ ಹಾಗೇ ಇತ್ತು. ಬಗ್ಗಿ ಎತ್ತಿಕೊಂಡಳು. ಉಳಿದರ್ಧ ನೀರನ್ನು ಹಿತ್ತಲಲ್ಲೂ ಒಂದಿದ್ದ ಮಲ್ಲಿಗೆ ಗಿಡಕ್ಕೆ ಹೊಯ್ಯಲು ಹೋದವಳು ತಡೆದು ನಿಂತಳು. ಮತ್ತೆ ಏನೆನ್ನಿಸಿತೋ, ತಾನೇ ಕುಡಿದಳು.

"ಅಂಜಿನಿ, ತಪ್ಪಲೆ ನೀನು ಎತ್ತಿಕೋ. ಸಕ್ಕರೆ, ಸೋಸೋ ಬಟ್ಟೆ ನಾನು ತರ್ತೀನಿ."

"ನೀವು ಎಲ್ಲಿಗ್ರಮ್ಮಾ ಹೋಗೋದು? ಮಣ್ಣಾಗಿ ಬಂದ ಮೇಲೆ ಮತ್ತೆ ಹೊಸ್ತಿಲು ದಾಟ್ತಾರಾ?" ಎಂದು ಶಿವಗಂಗಮ್ಮ ಅಡ್ಡ ಬಂದಳು.

"ಅವರು ದಾಟಿದಾರಲ್ಲ, ಅವರ ಹಿಂದೆ ನಾನು" ಎಂದಳು ಸುವಾರ್ತಮ್ಮ. ಶಾಂತ ಬಂದು ತಾಯಿಯ ಕೈ ಹಿಡಿದುಕೊಂಡಳು.

ಅಂಜಿನಮ್ಮ ತಪ್ಪಲೆಯನ್ನು ಸೊಂಟಕ್ಕಿಟ್ಟುಕೊಂಡು ಮುಂದೆ ನಡೆದಳು. ತಾಯಿ ಮಗಳು ಹಿಂದೆ, ಆ ಲೋಟ ಇನ್ನೂ ತಾಯಿಯ ಕೈಯಲ್ಲೇ ಇತ್ತು. ಕೆಳಗೇರಿಯ ಜನ ಬಾಗಿಲಿಗೆ ಬಂದು ನೋಡಿದರು. ಇಷ್ಟು ವರ್ಷ ಪಾಠ ಹೇಳಿದ ಮಕ್ಕಳ ಮನೆಗಳು ಅವು, ಯಾವುದು ಯಾರದೆಂದು ಸುವಾರ್ತಮ್ಮನಿಗೆ ಗೊತ್ತಿರಲಿಲ್ಲ. ಅಂಜಿನಮ್ಮನ ಮನೆಯ ಮುಂದೆ ಮೂರು ಕಲ್ಲಿನ ಒಲೆ. ಮೂಕಪ್ಪ ಕೈಕಾಲು ತೊಳೆದು ಸೌದೆ ಸೀಳುತ್ತಿದ್ದವನು ಇವರನ್ನು ಕಂಡು ಎದ್ದು ನಿಂತ. ಕೂರಲು ಏನು ಹಾಕುವುದೆಂದು ತೋಚದೆ ಅತ್ತಿತ್ತ ನೋಡಿದ. ಸುವಾರ್ತಮ್ಮ ಒಲೆಯ ಮುಂದೆ ನೆಲದ ಮೇಲೆಯೇ ಕೂತಳು.

ದ್ರಾಕ್ಷಿಯನ್ನು ಇಬ್ಬರೂ ಕಿವುಚಿದರು. ನಾಲ್ಕು ಕೈ ಒಂದೇ ತಪ್ಪಲೆಯಲ್ಲಿ, ಮೊಣಕೈವರೆಗೆ ಕೆಂಪು. ಬಟ್ಟೆಯ ಒಂದು ತುದಿ ಇವಳು, ಒಂದು ತುದಿ ಅವಳು ಹಿಡಿದು ಸೋಸಿದರು. ಕುದಿ ಬಂತು. ಕತ್ತಲಾಗುವ ಹೊತ್ತಿನ ಕೇರಿಯಲ್ಲಿ ದ್ರಾಕ್ಷಿಯ ವಾಸನೆ ಹರಡಿತು. ಸಕ್ಕರೆ ಹಾಕಿ ಕದಡಿ, ಅಂಜಿನಮ್ಮ ಸ್ವಲ್ಪ ರಸವನ್ನು ಅಲ್ಯೂಮಿನಿಯಂ ಲೋಟಕ್ಕೆ ಬಗ್ಗಿಸಿ ನೀಡಿದಳು.

"ನೀವು ನೋಡ್ರಿ ಅಮ್ಮಾರೆ, ಸಿಹಿ ಸಾಕಾ ಅಂತ."

"ನೀನು ಕುಡಿ ಮೊದ್ಲು."

"ನಾನಾ?"

"ಬಿಸಿ ಐತಾ ನೋಡು."

ಅಂಜಿನಮ್ಮ ಗಂಡನ ಮುಖ ನೋಡಿದಳು. ಮೂಕಪ್ಪ ತಲೆ ತಗ್ಗಿಸಿ ಒಲೆಗೆ ಸೌದೆ ನೂಕುತ್ತಿದ್ದ. ಅವಳು ಲೋಟವನ್ನು ಮೇಲೆತ್ತಿ ಬಾಯಿಗೆ ಹೊಯ್ದುಕೊಳ್ಳಲು ಹೋದಳು.

"ಕಚ್ಚಿ ಕುಡಿ" ಎಂದಳು ಸುವಾರ್ತಮ್ಮ.

ಅಂಜಿನಮ್ಮ ಲೋಟದ ಅಂಚಿಗೆ ತುಟಿಯಿಟ್ಟು ಒಂದು ಗುಟುಕು ಕುಡಿದು ನೀಡಿದಳು. ಸುವಾರ್ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಂಚಿನಲ್ಲಿ ಒಂದು ಕಡೆ ಒದ್ದೆಯಾಗಿತ್ತು. ಲೋಟವನ್ನು ತಿರುಗಿಸದೆ ಅಲ್ಲಿಯೇ ತುಟಿ ಇಟ್ಟಳು.

"ಸಿಹಿ ಸಾಕಾ ಅಮ್ಮಾರೆ?"

ಏನು ಕೇಳಿದರೂ ಉತ್ತರ ಸಿದ್ಧವಿರುತ್ತಿದ್ದ ಹೆಂಗಸು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳದೆ, ಖಾಲಿಯಾದ ಲೋಟವನ್ನು ಮತ್ತೆ ಮುಂದಕ್ಕೆ ಹಿಡಿದಳು.